ಮನೆಯ ಅಂಗಳ, ಹಾದಿ ಮತ್ತು ಬೇಲಿ

ಮನೆಯ ಒಳಭಾಗವನ್ನು ಒಪ್ಪವಾಗಿಡುವುದರಲ್ಲಿ ನಾವು ತೋರುವ ಆಸಕ್ತಿಯನ್ನು ಅದರ ಹೊರಭಾಗದ ವಿಷಯದಲ್ಲಿ ತೋರುವುದು ಅಪೂರ್ವ. ಬಾಗಿಲ ಮುಂದಿನ ಅಂಗಳ, ಬೀದಿಯಿಂದ ಬಾಗಿಲಿಗೆ ಬರುವ ಹಾದಿ, ಇವನ್ನು ಸುತ್ತುವರಿದ ಬೇಲಿ, ಇವು ಮೂರೂ ಸರಿಯಾಗಿದ್ದಾಗಲೇ ಕೈತೋಟಕ್ಕೆ ಶೋಭೆ. ಕೈಯಲ್ಲಿ ನಾಲ್ಕು ಕಾಸು ಒದಗಿದಾಗ ಇವುಗಳನ್ನು ಸುಧಾರಿಸಬೇಕೆಂಬ ಬಯಕೆ ಗೃಹಸ್ಥರಲ್ಲಿ ಹುಟ್ಟುತ್ತದೆ. ಆಗ ನಗರದ ಬಹುಜನರು ಮಾಡುವ ಮೊದಲ ಕೆಲಸವೆಂದರೆ ಈ ಗೋಡೆಯಿಂದ ಆ ಗೋಡೆಯವರೆಗೆ ಸಿಮೆಂಟು ಸುರಿಸುವುದು. ಇದರಿಂದ ಕೆಸರು ಇಲ್ಲವಾಗುತ್ತದೆ, ಕಳೆ ಬೆಳೆಯುವುದಿಲ್ಲ, ಗುಡಿಸುವುದು ಸುಲಭವಾಗುತ್ತದೆ. ಇವೆಲ್ಲವೂ ನಿಜವೇ. ಆದರೆ ಆ ಅಂಗಳದ ಮೇಲೆ ಬೀಳುವ ಮಳೆಯ ನೀರು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಯನ್ನು ಕೇಳಿಕೊಂಡು ಕೆಲಸಕ್ಕೆ ತೊಡಗುವವರು ಕೆಲವರೇ. ಮಣ್ಣಿನ ಬಾಯಿಯನ್ನು ಮುಚ್ಚದೆ ಅಂಗಳವನ್ನು ಅಂದಗೊಳಿಸುವುದು ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಆ ನೀರಿನ ಪ್ರಮಾಣ ಸರಿಯಾಗಿ ಒಂದು ಲೀಟರು. ಹೈದರಾಬಾದಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರು ಮಳೆಯಾಗುತ್ತದೆ. ನಮ್ಮ ಅಂಗಳ 10 ಮೀಟರು ಉದ್ದ, 5 ಮೀಟರು ಅಗಲವಿದ್ದರೆ ಅದರ ವಿಸ್ತಾರ 50 ಚದರ ಮೀಟರು. ಅಂದಮೇಲೆ ಒಂದು ವರ್ಷದಲ್ಲಿ ಅದರ ಮೇಲೆ ಬೀಳುವ ನೀರು 40,000 ಲೀಟರು! ಹದಿನೈದು ಲೀಟರು ಹಿಡಿಯುವ ಕೊಡದಿಂದ ಅಳೆದರೆ 2,600ಕ್ಕೂ ಹೆಚ್ಚು ಕೊಡಗಳಾದವು. ಗಟ್ಟಿಯಾದ ಸಿಮೆಂಟು ನೆಲದ ಮೇಲೆ ಬಿದ್ದ ನೀರಿನ ಹತ್ತು ಪಾಲಿನಲ್ಲಿ ಎಂಟು ಒಂಬತ್ತು ಪಾಲು ಬೀದಿಗೆ ಹರಿದುಹೋಗುತ್ತದೆ. ಗಿಡಗಳಿರುವ ಸಡಿಲವಾದ ಮಣ್ಣಾದರೋ ಅದರ ಬಹುಭಾಗವನ್ನು ತಾನೇ ಕುಡಿಯುತ್ತದೆ.

ಬಾಲಾನಗರದಂತಹ ಪ್ರದೇಶದಲ್ಲಿ ಈ ಲೆಕ್ಕಕ್ಕೆ ವಿಶೇಷವಾದ ಮಹತ್ತ್ವವುಂಟು. ಒಂದು ಕಾಲಕ್ಕೆ ನಗರದ ಹೊರಗಿದ್ದ ಈ ಸ್ಥಳ 1960ರ ದಶಕದಿಂದ ಕಾರ್ಖಾನೆಗಳ ನೆಲೆಯಾಯಿತು. ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ವಿಭಾಗ 1965ರಲ್ಲಿಯೂ ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆ 1968ರಲ್ಲಿಯೂ ಇಲ್ಲಿ ಆರಂಭವಾದವು. ಕಾರ್ಖಾನೆಗಳ ಹಿಂದೆಯೇ ವಸತಿಗಳು ಬೆಳೆದವು. ವಸತಿಗಳ ಹಿಂದೆಯೇ ಡಾಂಬರು, ಸಿಮೆಂಟು, ಕಾಂಕ್ರೀಟು ಬಂದವು. ಇತ್ತ ಕಡೆಯಿಂದ ಹರಿದ ನೀರು ಕೂಕಟಪಲ್ಲಿ ನಾಲೆಯನ್ನು ಸೇರಿ, ಮುಂದೆ ಹುಸೇನ್ ಸಾಗರಕ್ಕೆ ಹೋಗುತ್ತದೆ. ನಾಲೆಯ ಅಗಲ ಮಳೆಯನ್ನು ನೋಡಿ ಹಿಗ್ಗುವುದಿಲ್ಲ. ಒಂದು ಗಂಟೆಯಲ್ಲಿ 50 ಮಿಲಿಮೀಟರು ಮಳೆ ಬಂದರೆ ನಮ್ಮ ಒಂದು ಅಂಗಳದ ಮೇಲೆ 2,500 ಲೀಟರು ನೀರು ಬೀಳುತ್ತದೆ. ಅಂತಹ ನೂರು ಅಂಗಳಗಳಾದರೆ ಎರಡೂವರೆ ಲಕ್ಷ ಲೀಟರು. ಅದೆಲ್ಲವೂ ಒಮ್ಮೆಗೇ ನುಗ್ಗಿದರೆ ತಗ್ಗಿನಲ್ಲಿರುವ ಮನೆಗಳ ಗತಿಯೇನು? 2020ನೆಯ ಇಸವಿಯ ಅಕ್ಟೋಬರ್ ತಿಂಗಳ ಮಧ್ಯಭಾಗದಲ್ಲಿ ನಗರದ ಕೆಲವು ಭಾಗಗಳಲ್ಲಿ ಒಂದೇ ದಿನದಲ್ಲಿ 200 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು ಬೀದಿಗಳು ಹೊಳೆಗಳಾದುವು. ಹಲವರು ಪ್ರಾಣವನ್ನೇ ಕಳೆದುಕೊಂಡರು. ಅಷ್ಟು ದೊಡ್ಡ ಮಳೆಯನ್ನು ಮನೆಯಂಗಳಗಳು ತಡೆಯಲಾರವು, ನಿಜ. ಆದರೆ ವರ್ಷವರ್ಷವೂ ಬರುವ ಸಾಧಾರಣ ಮಳೆಗೇ ಬೀದಿ ಕೆರೆಯಾಗುವುದನ್ನು ಅವು ಬಹುಮಟ್ಟಿಗೆ ತಪ್ಪಿಸಬಲ್ಲವು.

ನೀರನ್ನು ಬೇಗಬೇಗ ಹೊರಗೆ ತಳ್ಳುವುದಕ್ಕಿಂತ ಬಿದ್ದ ಕಡೆಯಲ್ಲಿಯೇ ತಡೆದು ನಿಲ್ಲಿಸುವುದು ಲೇಸೆಂಬ ತತ್ತ್ವವನ್ನು ಈ ನಗರಕ್ಕೆ ದೊಡ್ಡ ಪ್ರಮಾಣದಲ್ಲಿ ಕಲಿಸಿಕೊಟ್ಟವರು ಒಬ್ಬ ಕನ್ನಡಿಗರು. 1908ನೆಯ ಇಸವಿ ಸೆಪ್ಟೆಂಬರ್ 28ರಂದು ಮೂಸಿ ನದಿಯ ಮಹಾಪೂರದಲ್ಲಿ ಸಾವಿರಾರು ಜನರು ಅಸುನೀಗಿದರು. ಮರುವರ್ಷ ನಿಜಾಮ ಸರ್ಕಾರದ ಆಹ್ವಾನದ ಮೇರೆಗೆ ಬಂದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ನದಿಯ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ಅಲ್ಲಿಯೇ ಹಿಡಿದಿಡಬೇಕೆಂದು ಸಲಹೆಯಿತ್ತರು. ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ 1920ರಲ್ಲಿಯೂ, ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ 1927ರಲ್ಲಿಯೂ ಸಿದ್ಧವಾದುವು. ಮಹಾನಗರಕ್ಕೆ ಆ ಎರಡು ಸಾಗರಗಳು ಹೇಗೋ, ನಮ್ಮ ಮನೆಗೆ ನಮ್ಮ ಅಂಗಳದ ಪಾತಿ ಮತ್ತು ಗುಂಡಿಗಳು ಹಾಗೆ.

ಇನ್ನು ನಮ್ಮ ಕಾಲ ಕೆಳಗಿನ ನೆಲದ ವಿಚಾರ. ಹೈದರಾಬಾದು ಅತಿ ಪ್ರಾಚೀನವಾದ ಗ್ರಾನೈಟ್ ಶಿಲೆಯ ಮೇಲೆ ಕುಳಿತಿರುವ ಊರು. ಆ ಶಿಲೆಯ ಮೇಲುಭಾಗ ಬಿಸಿಲು ಮಳೆಗಳಿಗೆ ಸಿಕ್ಕಿ ಕಾಲಾನುಕಾಲಕ್ಕೆ ಪುಡಿಯಾಗಿ ಮೊರಂ ಎನ್ನುವ ಗರಸುಮಣ್ಣಾಗಿದೆ. ಅದರ ಕೆಳಗೆ ಬಿರುಕುಬಿಟ್ಟ ಬಂಡೆ, ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಕೊಳವೆಬಾವಿಗೆ ದೊರೆಯುವ ನೀರೆಲ್ಲವೂ ಈ ಗರಸಿನಲ್ಲಿಯೂ ಬಿರುಕುಗಳಲ್ಲಿಯೂ ನಿಂತ ನೀರೇ ಹೊರತು, ಭೂಮಿಯ ಆಳದಲ್ಲಿ ಹರಿಯುವ ಯಾವುದೋ ಗುಪ್ತಗಂಗೆಯಲ್ಲ. ಮೇಲಿನಿಂದ ಮಳೆ ಇಂಗದಿದ್ದರೆ ಕೆಳಗಿನ ಉಗ್ರಾಣ ಬರಿದಾಗುತ್ತದೆ. ಬೇಸಗೆಯಲ್ಲಿ ನೀರಿನ ಟ್ಯಾಂಕರಿಗಾಗಿ ಕಾಯುವ ಕಷ್ಟವನ್ನು ಬಲ್ಲ ಮಕ್ಕಳಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ. ನಗರದ ನಲ್ಲಿಗಳ ನೀರಾದರೂ ಕೃಷ್ಣಾ, ಗೋದಾವರಿ ಮತ್ತು ಬೀದರ ಜಿಲ್ಲೆಯನ್ನು ಹಾದುಬರುವ ಮಂಜೀರಾ ನದಿಗಳಿಂದ ಬಹುದೂರ ಪ್ರಯಾಣ ಮಾಡಿ ಬರತಕ್ಕದ್ದು. ಮನೆಯ ಬಾಗಿಲಿಗೇ ಬಂದ ನೀರನ್ನು ಬೀದಿಗೆ ತಳ್ಳಿ, ದೂರದ ನೀರಿಗೆ ಕೈಯೊಡ್ಡುವುದು ಜಾಣತನವಲ್ಲ.

ಕೆಲಸಕ್ಕೆ ಮೊದಲು ನಮ್ಮ ನೆಲ ಎಷ್ಟು ಬೇಗ ನೀರು ಕುಡಿಯುತ್ತದೆಂಬುದನ್ನು ಪರೀಕ್ಷಿಸಬೇಕು. ಒಂದು ಅಡಿ ಆಳದ ಸಣ್ಣ ಕುಳಿಯನ್ನು ತೋಡಿ, ನೀರು ತುಂಬಿ, ಇಂಗಿಹೋಗಲು ಬಿಡಿರಿ. ಮತ್ತೊಮ್ಮೆ ತುಂಬಿ, ನೀರು ಇಳಿಯುವ ವೇಗವನ್ನು ಅಳತೆಪಟ್ಟಿಯಿಂದಲೂ ಗಡಿಯಾರದಿಂದಲೂ ಗುರುತಿಸಿಕೊಳ್ಳಿರಿ. ಕೆಲವು ಗಂಟೆಗಳಲ್ಲಿ ಕುಳಿ ಬರಿದಾದರೆ ನೆಲ ಒಳ್ಳೆಯದು. ಮರುದಿನವೂ ನೀರು ನಿಂತೇ ಇದ್ದರೆ ಅಲ್ಲಿ ಜೇಡಿಮಣ್ಣೋ ಬಂಡೆಯೋ ಇದೆಯೆಂದು ತಿಳಿದು ಬೇರೊಂದು ಮೂಲೆಯನ್ನು ನೋಡಬೇಕು.

ಎರಡನೆಯದು ಇಳಿಜಾರು. ಹಾದಿಯಾಗಲಿ ಅಂಗಳವಾಗಲಿ ಮನೆಯ ಗೋಡೆಯಿಂದ ಹೊರಮುಖವಾಗಿ ವಾಲಿರಬೇಕು. ಅರವತ್ತು ಅಳತೆಗೆ ಒಂದು ಅಳತೆಯ ಇಳಿತ ಸಾಕು. ಎಂದರೆ ಮೂರು ಮೀಟರು ದೂರಕ್ಕೆ ಐದು ಸೆಂಟಿಮೀಟರು. ಇದಕ್ಕಿಂತ ಕಡಿಮೆಯಾದರೆ ನೀರು ನಿಲ್ಲುತ್ತದೆ. ಬಹಳ ಹೆಚ್ಚಾದರೆ ನಡೆಯುವವರ ಕಾಲು ಜಾರುತ್ತದೆ. ಮೇಸ್ತ್ರಿಗಳು ಇದನ್ನು ರಸಮಟ್ಟದಿಂದ ನೋಡುತ್ತಾರೆ. ದೂರವಿದ್ದಲ್ಲಿ ನೀರು ತುಂಬಿದ ಪಾರದರ್ಶಕ ಕೊಳವೆಯನ್ನು ಹಿಡಿಯುತ್ತಾರೆ. ಕೊಳವೆಯ ಎರಡು ತುದಿಗಳಲ್ಲಿಯೂ ನೀರು ಒಂದೇ ಮಟ್ಟದಲ್ಲಿ ನಿಲ್ಲುವುದೆಂಬ ವಿಜ್ಞಾನ ಪಾಠ ಇಲ್ಲಿ ಕಣ್ಣಿಗೆ ಕಾಣುತ್ತದೆ. ಈ ಇಳಿಜಾರಿನ ಕೊನೆ ಬೀದಿಯ ಚರಂಡಿಯ ಕಡೆಗಲ್ಲ, ಗಿಡಗಳ ಪಾತಿಯ ಕಡೆಗಿರಲಿ. ಈ ಒಂದು ಮಾತನ್ನು ಪಾಲಿಸಿದರೆ ಅರ್ಧ ಕೆಲಸ ಆದಂತೆಯೇ.

ಈಗ ಹಾದಿಯನ್ನು ನೋಡೋಣ. ಒಬ್ಬರು ನಡೆಯಲು ಎರಡು ಅಡಿ, ಇಬ್ಬರು ಜೊತೆಯಾಗಿ ನಡೆಯಲು ನಾಲ್ಕು ಅಡಿ ಅಗಲ ಸಾಕು. ಜನರು ನಿಜವಾಗಿ ಎಲ್ಲಿ ನಡೆಯುತ್ತಾರೋ ಅಲ್ಲಿಯೇ ಹಾದಿಯನ್ನು ಮಾಡತಕ್ಕದ್ದು. ಅಂದಕ್ಕಾಗಿ ಡೊಂಕುಡೊಂಕಾಗಿ ಮಾಡಿದ ಹಾದಿಯನ್ನು ಬಿಟ್ಟು ಮಕ್ಕಳು ಪಾತಿಯನ್ನು ತುಳಿದು ನೇರವಾಗಿ ಓಡುವುದನ್ನು ಯಾರು ಕಾಣರು? ಹಾದಿಯನ್ನು ಗುರುತಿಸಿ, ದಾರ ಕಟ್ಟಿ, ಸುಮಾರು 15 ಸೆಂಟಿಮೀಟರು ಆಳ ಅಗೆದು, ತಳವನ್ನು ದಮ್ಮಸು ಹೊಡೆದು ಗಟ್ಟಿಮಾಡಬೇಕು. ಅದರ ಮೇಲೆ 7 ಅಥವಾ 8 ಸೆಂಟಿಮೀಟರು ದಪ್ಪ ಜಲ್ಲಿ, ಅದರ ಮೇಲೆ 3 ಅಥವಾ 4 ಸೆಂಟಿಮೀಟರು ದಪ್ಪ ಒರಟು ಮರಳು, ಅದರ ಮೇಲೆ ಹಾಸುಗಲ್ಲು. ಕಲ್ಲು ಕಲ್ಲುಗಳ ನಡುವೆ ಬೆರಳಗಲದ ಸಂದು ಬಿಟ್ಟು ಅದಕ್ಕೆ ಮರಳನ್ನೇ ತುಂಬಬೇಕು. ಸಿಮೆಂಟು ಗಾರೆಯನ್ನು ತುಂಬಬಾರದು. ಆ ಸಂದುಗಳೇ ನೆಲದ ಬಾಯಿ. ಹೀಗೆ ಹಾಸಿದ ಕಲ್ಲಿಗೆ ಇನ್ನೊಂದು ಅನುಕೂಲವೂ ಉಂಟು: ನಾಳೆ ನಲ್ಲಿಯ ಕೊಳವೆ ಒಡೆದರೆ ನಾಲ್ಕು ಕಲ್ಲುಗಳನ್ನೆತ್ತಿ ದುರಸ್ತಿ ಮಾಡಿ ಮತ್ತೆ ಇಡಬಹುದು. ಸಿಮೆಂಟು ನೆಲವಾದರೆ ಒಡೆಯಬೇಕು, ತೇಪೆ ಹಾಕಬೇಕು.

ಹಾಸುವ ಕಲ್ಲು ಯಾವುದು? ನಮಗೆ ಅದು ತವರಿನಿಂದಲೇ ಬರುತ್ತದೆ. ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲು ಹೈದರಾಬಾದಿನ ಮನೆಗಳಿಗೆ ಹಳೆಯ ಪರಿಚಯದ್ದು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲುಮಾರ್ಗ ತೆರೆಯಿತು. ವಾಡಿಯ ನೆರೆಯಲ್ಲಿಯೇ ಇರುವ ಶಹಾಬಾದಿನಿಂದ ಭಾರವಾದ ಕಲ್ಲು ನಗರಕ್ಕೆ ಬರಲು ಇದು ಅನುಕೂಲವಾಯಿತು. 1956ನೆಯ ಇಸವಿ ನವೆಂಬರ್ 1ರವರೆಗೆ ಕಲಬುರಗಿಯೂ ಈ ನಗರವೂ ಒಂದೇ ರಾಜ್ಯದಲ್ಲಿದ್ದವು; ರಾಜ್ಯಗಳು ಬೇರೆಯಾದ ಮೇಲೂ ಕಲ್ಲಿನ ನಂಟು ಬಿಡಲಿಲ್ಲ. ತೆಲಂಗಾಣದ ತಾಂಡೂರಿನ ಕಲ್ಲೂ ಇದರ ಸೋದರನೇ. ಇವು ಭೀಮಾ ನದಿಯ ಸುತ್ತಣ ಪ್ರದೇಶದ ಸುಣ್ಣಕಲ್ಲುಗಳು. ಪ್ರಾಚೀನ ಕಾಲದ ನೀರಿನ ತಳದಲ್ಲಿ ಪದರಪದರವಾಗಿ ನೆಲೆನಿಂತು ಗಟ್ಟಿಯಾದುದರಿಂದ ಇವು ಹಲಗೆಯಂತೆ ಸೀಳಿಬರುತ್ತವೆ. ಗ್ರಾನೈಟಿಗೆ ಆ ಗುಣವಿಲ್ಲ. ಸುಣ್ಣಕಲ್ಲಾದುದರಿಂದ ಆಮ್ಲ ಇದಕ್ಕೆ ಶತ್ರು. ಒಂದು ಚೂರು ಕಲ್ಲಿನ ಪುಡಿಯ ಮೇಲೆ ಲಿಂಬೆಯ ರಸವನ್ನು ಹಿಂಡಿದರೆ ಸಣ್ಣ ಗುಳ್ಳೆಗಳೇಳುವುದನ್ನು ಕಾಣಬಹುದು. ಆದುದರಿಂದ ಶಹಾಬಾದ ಕಲ್ಲಿನ ಅಂಗಳವನ್ನು ಆಮ್ಲ ಹಾಕಿ ತೊಳೆಯಬಾರದು. ನೀರು, ಪೊರಕೆಗಳೇ ಸಾಕು. ಅಂಗಳಕ್ಕೆ ನಯಗೊಳಿಸಿದ ಕಲ್ಲನ್ನು ತರಬಾರದು, ಮಳೆಯಲ್ಲಿ ಜಾರುತ್ತದೆ; ಒರಟು ಮೈಯ ಕಲ್ಲೇ ಉತ್ತಮ.

ಹಾದಿಯಂತೆಯೇ ಅಂಗಳವೂ. ಕುಳಿತುಕೊಳ್ಳಲು, ಬಟ್ಟೆ ಒಣಗಿಸಲು, ಸೈಕಲ್ಲು ನಿಲ್ಲಿಸಲು, ರಂಗವಲ್ಲಿ ಇಡಲು ಎಷ್ಟು ಸ್ಥಳ ಬೇಕೆಂಬುದನ್ನು ಲೆಕ್ಕ ಹಾಕಿ ಅಷ್ಟಕ್ಕೆ ಮಾತ್ರ ಕಲ್ಲು ಹಾಸಿರಿ. ಉಳಿದುದನ್ನು ಗಿಡಗಳಿಗೆ ಬಿಡಿರಿ. ಇಲ್ಲಿ ರೂಢಿಯ ಒಂದು ಪದ್ಧತಿಯನ್ನು ತಿರುಗಿಸಬೇಕಾಗುತ್ತದೆ. ಸಾಮಾನ್ಯವಾಗಿ ಪಾತಿಗಳನ್ನು ನೆಲಕ್ಕಿಂತ ಎತ್ತರಿಸಿ, ಸುತ್ತಲೂ ಇಟ್ಟಿಗೆ ಕಟ್ಟುತ್ತಾರೆ; ಆಗ ಅಂಗಳದ ನೀರು ಪಾತಿಯನ್ನು ಮುಟ್ಟಲಾರದು. ಪಾತಿಯನ್ನು ಹಾಸುಗಲ್ಲಿಗಿಂತ 10 ಸೆಂಟಿಮೀಟರು ತಗ್ಗಾಗಿ ಮಾಡಿದರೆ ಅದೇ ಒಂದು ಪುಟ್ಟ ಕೆರೆ. ಹತ್ತು ಚದರ ಮೀಟರಿನ ಅಂತಹ ಪಾತಿ ಒಂದು ಸಲಕ್ಕೆ 1,000 ಲೀಟರು ನೀರನ್ನು ಹಿಡಿದು ನಿಧಾನವಾಗಿ ಇಂಗಿಸುತ್ತದೆ. ತುಳಸಿಯಂತಹ ಬೇರು ಕೊಳೆಯುವ ಗಿಡಗಳನ್ನು ಮಾತ್ರ ಕಟ್ಟೆಯ ಮೇಲಿಟ್ಟು, ದಾಸವಾಳ, ಬಾಳೆ, ಕೆಸುವುಗಳನ್ನು ತಗ್ಗಿನಲ್ಲಿ ಬೆಳೆಸಬಹುದು. ಮೇ ತಿಂಗಳಲ್ಲಿ ಇಲ್ಲಿಯ ಶಾಖ 40 ಡಿಗ್ರಿಯನ್ನು ದಾಟುವುದುಂಟು. ಹಗಲೆಲ್ಲ ಕಾದ ಸಿಮೆಂಟು ರಾತ್ರಿಯೂ ಬಿಸಿಯುಗುಳುತ್ತದೆ. ಒದ್ದೆ ಮಣ್ಣು, ಗಿಡದ ನೆರಳು ಇರುವ ಅಂಗಳದಲ್ಲಿ ಸಂಜೆ ಕುಳಿತವರಿಗೆ ಈ ಭೇದವನ್ನು ಉಷ್ಣಮಾಪಕ ಹೇಳಬೇಕಾಗಿಲ್ಲ.

ಅಂಗಳಕ್ಕೆ ಈಗಾಗಲೇ ಸಿಮೆಂಟು ಹಾಕಿಸಿದವರು ಏನು ಮಾಡಬೇಕು? ಎಲ್ಲವನ್ನೂ ಕೀಳಬೇಕಾಗಿಲ್ಲ. ಕಾಂಪೌಂಡು ಗೋಡೆಯ ಉದ್ದಕ್ಕೂ ಒಂದೂವರೆ ಅಡಿ ಅಗಲದ ಪಟ್ಟಿಯನ್ನು ಮಾತ್ರ ಒಡೆಸಿ ಮಣ್ಣನ್ನು ತೆರೆದು ಗಿಡ ನೆಟ್ಟರೆ ಬಹಳ ಪ್ರಯೋಜನವಾಗುತ್ತದೆ. ಸ್ಥಳವಿದ್ದರೆ ಇಂಗುಗುಂಡಿಯನ್ನೂ ತೋಡಿಸಬಹುದು. ನಮ್ಮ ತೆಲುಗು ನೆರೆಯವರು ಇದನ್ನೇ ಇಂಕುಡು ಗುಂತ ಎನ್ನುತ್ತಾರೆ. ಇಂಗು, ಇಂಕು ಎರಡೂ ಒಂದೇ ಬೇರಿನ ಮಾತುಗಳು. ಅಂದಿನ ಆಂಧ್ರಪ್ರದೇಶದಲ್ಲಿ 2002ರಲ್ಲಿ ಬಂದ ಜಲ, ಭೂಮಿ, ವೃಕ್ಷಗಳ ಕಾಯಿದೆಯೂ ಮಳೆನೀರನ್ನು ಹಿಡಿದಿಡುವ ಏರ್ಪಾಡನ್ನು ವಿಧಿಸಿತು. ಒಂದು ಮೀಟರು ಉದ್ದ, ಒಂದು ಮೀಟರು ಅಗಲ, ಒಂದೂವರೆ ಮೀಟರು ಆಳದ ಗುಂಡಿಗೆ ತಳದಲ್ಲಿ ದಪ್ಪ ಕಲ್ಲು, ನಡುವೆ ಜಲ್ಲಿ, ಮೇಲೆ ಮರಳು ತುಂಬಬೇಕು. ಕಲ್ಲುಗಳ ನಡುವಣ ಪೊಳ್ಳು ಮೂರರಲ್ಲಿ ಒಂದು ಪಾಲೆಂದುಕೊಂಡರೆ ಅದು ಒಮ್ಮೆಗೆ 500 ಲೀಟರು ಹಿಡಿಯುತ್ತದೆ. ತಗ್ಗಿನ ಪಾತಿ ಇದರ ಎರಡರಷ್ಟು ಹಿಡಿಯುವುದನ್ನು ಮೇಲೆ ಕಂಡೆವಷ್ಟೆ. ಆದುದರಿಂದ ಗುಂಡಿಗೆ ಸ್ಥಳವಿಲ್ಲದವರು ಚಿಂತಿಸಬೇಕಾಗಿಲ್ಲ. ಇದ್ದವರೂ ಗುಂಡಿಯೊಂದನ್ನೇ ನಂಬಿ ಉಳಿದ ನೆಲವನ್ನೆಲ್ಲ ಮುಚ್ಚಬಾರದು.

ಇಲ್ಲಿ ಕೆಲವು ಎಚ್ಚರಿಕೆಗಳು ಅವಶ್ಯ. ಗುಂಡಿ ಮನೆಯ ತಳಹದಿಯಿಂದ ಮೂರು ಮೀಟರಾದರೂ ದೂರವಿರಲಿ. ಶೌಚಾಲಯದ ತೊಟ್ಟಿಯಿಂದ ಇನ್ನೂ ದೂರವಿರಲಿ. ಛಾವಣಿ ಮತ್ತು ಅಂಗಳದ ಶುದ್ಧವಾದ ಮಳೆನೀರು ಮಾತ್ರ ಅದರೊಳಗೆ ಹೋಗಬೇಕು. ಸಾಬೂನಿನ ನೀರು, ವಾಹನ ತೊಳೆದ ಎಣ್ಣೆನೀರು, ಕಾರ್ಖಾನೆಯ ನೀರು ಒಂದು ತೊಟ್ಟೂ ಸೇರಬಾರದು. ಏಕೆಂದರೆ ಇಂಗಿದ ನೀರು ಮರಳಿ ಬರುವುದು ಕೊಳವೆಬಾವಿಗೆ. ನೆಲದೊಳಗಿನ ನೀರು ಒಮ್ಮೆ ಕೆಟ್ಟರೆ ಸರಿಪಡಿಸುವುದು ಬಹಳ ಕಷ್ಟ. ಉದ್ಯಮಗಳ ನಡುವೆ ವಾಸಿಸುವ ಬಾಲಾನಗರದವರು ಇದನ್ನು ಎಂದಿಗೂ ಮರೆಯಬಾರದು. ಪಾತಿಯಲ್ಲಾಗಲಿ ಗುಂಡಿಯಲ್ಲಾಗಲಿ ನೀರು ಎರಡು ಮೂರು ದಿನಗಳಿಗಿಂತ ಹೆಚ್ಚು ನಿಂತರೆ ಸೊಳ್ಳೆಗಳಿಗೆ ತೊಟ್ಟಿಲಾಗುತ್ತದೆ. ಆಗ ಹೂಳು ತೆಗೆದು, ಮೇಲಿನ ಮರಳನ್ನು ತೊಳೆದು ಹಾಕಬೇಕು. ಗುಂಡಿ ತೋಡುವ ಕೆಲಸ ಹಿರಿಯರದು. ಅದು ತುಂಬುವವರೆಗೆ ಮಕ್ಕಳು ಹತ್ತಿರ ಸುಳಿಯದಂತೆ ಅಡ್ಡ ಕಟ್ಟಬೇಕು.

ಕೊನೆಯದಾಗಿ ಬೇಲಿ. ಬೇಲಿಯ ಕೆಲಸ ದನಕರುಗಳನ್ನು ತಡೆಯುವುದು, ಮನೆಗೆ ಮರೆಯಾಗುವುದು, ಗಡಿಯನ್ನು ತೋರಿಸುವುದು. ಇವುಗಳಿಗೆ ಎತ್ತರದ ಗೋಡೆಯೇ ಆಗಬೇಕೆಂಬ ನಿಯಮವಿಲ್ಲ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕಲ್ಲುಕೂಚಗಳನ್ನು ನೆಟ್ಟು ತಂತಿ ಎಳೆಯುತ್ತಾರೆ. ಅವಕ್ಕೆ ಗೆದ್ದಲಿನ ಭಯವಿಲ್ಲ. ಮರದ ಗೂಟವಾದರೆ ನೆಲವನ್ನು ಮುಟ್ಟುವ ಕಡೆಯಲ್ಲಿಯೇ ಮೊದಲು ಕೊಳೆಯುತ್ತದೆ. ಗಾಳಿ ಮತ್ತು ತೇವ ಎರಡೂ ಅಲ್ಲಿ ಕೂಡುವುದೇ ಇದಕ್ಕೆ ಕಾರಣ. ಬುಡಕ್ಕೆ ಡಾಂಬರು ಬಳಿದು ನೆಡುವುದು ಲೇಸು. ಕಂಬದ ನಾಲ್ಕನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ನೆಲದೊಳಗಿರಬೇಕು. ಗೋಡೆಯನ್ನೇ ಕಟ್ಟುವುದಾದರೆ ಬುಡದಲ್ಲಿ ಅಲ್ಲಲ್ಲಿ ನೀರುಗಂಡಿಗಳನ್ನು ಬಿಡಬೇಕು. ಇಲ್ಲದಿದ್ದರೆ ಮಳೆಯಲ್ಲಿ ನೀರು ಒತ್ತಿ ನಿಂತು ಗೋಡೆಯೇ ಉರುಳೀತು.

ಎಲ್ಲಕ್ಕಿಂತ ಮಿಗಿಲು ಜೀವಂತ ಬೇಲಿ. ಗೋರಂಟಿ ಅಥವಾ ಮದರಂಗಿ ಇದಕ್ಕೆ ಬಹಳ ತಕ್ಕುದು. ಕಡಿಮೆ ನೀರಿನಲ್ಲಿ ಬದುಕುತ್ತದೆ, ಕತ್ತರಿಸಿದಷ್ಟೂ ದಟ್ಟವಾಗುತ್ತದೆ. ಆಷಾಢದಲ್ಲಿ ತೆಲುಗು ಮನೆಗಳ ಹೆಣ್ಣುಮಕ್ಕಳು ಕೈಗೆ ಹಚ್ಚಿಕೊಳ್ಳುವುದು ಇದನ್ನೇ. ಆಡುಸೋಗೆಯನ್ನು ಆಡು ಮೇಯುವುದಿಲ್ಲ. ದಾಸವಾಳ ಹೂವನ್ನೂ ಕೊಡುತ್ತದೆ. ಮಳೆಗಾಲದ ಆರಂಭದಲ್ಲಿ ಒಂದು ಅಡಿಗೆ ಒಂದರಂತೆ ಕಡ್ಡಿಗಳನ್ನು ನೆಟ್ಟು, ಮೊದಲ ವರ್ಷವೇ ತುದಿಗಳನ್ನು ಚಿವುಟುತ್ತಿದ್ದರೆ ಬುಡದಿಂದಲೇ ಕವಲೊಡೆಯುತ್ತದೆ. ಕಣಗಿಲೆ ಸುಂದರವಾದರೂ ಅದರ ಎಲ್ಲ ಭಾಗಗಳೂ ವಿಷ. ಪುಟ್ಟ ಮಕ್ಕಳಿರುವ ಮನೆಗೆ ಬೇಡ. ಬಳ್ಳಾರಿ ಜಾಲಿಯನ್ನಂತೂ ತರಲೇಬಾರದು. ಅಮೆರಿಕ ಖಂಡದಿಂದ ಬಂದ ಈ ಗಿಡ ನೆಲವನ್ನೆಲ್ಲ ಆಕ್ರಮಿಸಿ ಬೇರೆ ಗಿಡಗಳಿಗೆ ಎಡೆಗೊಡದು. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆ ಅದಕ್ಕೆ ಸಲ್ಲುತ್ತದೆ. ಗಡಿಯಿಂದ ಒಂದೂವರೆ ಅಡಿ ಒಳಗೆ ನೆಟ್ಟರೆ ನೆರೆಯವರೊಡನೆ ವಿವಾದವೂ ಬರುವುದಿಲ್ಲ, ಕತ್ತರಿಸಲು ಸ್ಥಳವೂ ಇರುತ್ತದೆ.

ಬಾಡಿಗೆಯ ಮನೆಯಲ್ಲಿರುವ ವಿದ್ಯಾರ್ಥಿಗಳು, ತಮಗೆ ಅಂಗಳವೇ ಇಲ್ಲವೆನ್ನಬಹುದು. ಶಾಲೆಗೆ ಅಂಗಳವುಂಟು, ಬೀದಿಯಲ್ಲಿ ಮರದ ಬುಡಗಳುಂಟು. ಕಾಂಡದವರೆಗೂ ಸಿಮೆಂಟು ಬಿಗಿದ ಮರವೊಂದರ ಬುಡವನ್ನು ಎರಡು ಅಡಿಯಷ್ಟು ಬಿಡಿಸಿಕೊಡಬೇಕೆಂದು ಹಿರಿಯರನ್ನು ಕೇಳುವುದೂ ಈ ಕೆಲಸದ ಒಂದು ಭಾಗವೇ. ಬರುವ ಮಳೆಗಾಲದಲ್ಲಿ ಒಂದು ನೋಟುಪುಸ್ತಕವನ್ನೂ ನೇರವಾದ ಬದಿಗಳುಳ್ಳ ಒಂದು ಡಬ್ಬಿಯನ್ನೂ ಸಿದ್ಧವಾಗಿಟ್ಟುಕೊಳ್ಳಿರಿ. ಪ್ರತಿಯೊಂದು ಮಳೆಯಾದ ಮೇಲೆ ಡಬ್ಬಿಯಲ್ಲಿ ನಿಂತ ನೀರಿನ ಎತ್ತರವನ್ನು ಅಳೆದು ಬರೆಯಿರಿ. ಅಂಗಳದ ನೀರು ಯಾವ ಕಡೆ ಹರಿಯಿತು, ಎಲ್ಲಿ ನಿಂತಿತು, ಎಷ್ಟು ಹೊತ್ತಿನಲ್ಲಿ ಇಂಗಿತು ಎಂಬುದನ್ನು ಅದರ ಕೆಳಗೆ ಗುರುತಿಸಿರಿ. ಮನೆಯಲ್ಲಿ ಮೇಸ್ತ್ರಿಯನ್ನು ಕರೆಸುವ ದಿನ ಆ ಪುಸ್ತಕವನ್ನು ಹಿರಿಯರ ಮುಂದಿಡಿರಿ. ಎಲ್ಲಿ ಕಲ್ಲು ಹಾಸಬೇಕು, ಎಲ್ಲಿ ಮಣ್ಣನ್ನು ಹಾಗೆಯೇ ಬಿಡಬೇಕು ಎಂಬುದನ್ನು ಅದಕ್ಕಿಂತ ಚೆನ್ನಾಗಿ ಬೇರೆ ಯಾರೂ ಹೇಳಲಾರರು.